ಅಕ್ಕನ ಎಡಗಾಲು

ಹೋದ ತಿಂಗಳು ಸಿಂದಗಿಯಿಂದ ಇಂಡಿಗೆ ಬರುವಾಗ ನಮ್ಮ ಬಸ್ಸು ದಾರಿಯ ನಡುವೆ ನಿಂತುಬಿಟ್ಟಿತು. ಮುಂದೆ ಕುರಿಹಿಂಡು. ಆಗಷ್ಟೇ ಒಂದು ಮಳೆ ಬಿದ್ದು ಬಿಟ್ಟಿತ್ತು. ತೊಯ್ದ ಉಣ್ಣೆಯ ವಾಸನೆ ಕಿಟಕಿಯೊಳಗೆ ನುಗ್ಗಿ ಬಂತು. ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದ, ಕುರಿಗಳು ತಮ್ಮ ಪಾಡಿಗೆ ತಾವು ದಾಟುತ್ತಲೇ ಇದ್ದವು. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಮೂಗಿಗೆ ಸೆರಗು ಹಿಡಿದಳು. ನಾನು ಎದ್ದು ನಿಂತೆ. ಬಸ್ಸು ನಿಂತಾಗೆಲ್ಲ ಎದ್ದು ನಿಲ್ಲುವುದು, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು, ನಡುನಡುವೆ ಬಗ್ಗಿ ಎರಡೂ ಪಾದ ನೋಡಿಕೊಳ್ಳುವುದು, ಇದೆಲ್ಲ ನನಗೆ ಅಂಟಿದ್ದು ಅಕ್ಕ ನಮ್ಮ ಮನೆಯಲ್ಲಿದ್ದ ವರ್ಷ. ಸೀಗಿ ಹುಣ್ಣಿಮೆಯಿಂದ ಹೆಚ್ಚುಕಡಿಮೆ ಎಳ್ಳಮವಾಸ್ಯೆಯವರೆಗೆ ಇದ್ದಳು. ಆ ಚಳಿಗಾಲದಲ್ಲಿ ನಾನು ಒಂದು ಕಡೆ ನೆಟ್ಟಗೆ ಕೂತ ನೆನಪೇ ಇಲ್ಲ.

ಅಕ್ಕ ನೀಲವ್ವ ನನಗಿಂತ ಬಹಳ ದೊಡ್ಡವಳು. ಅವಳನ್ನು ಯಂಕಂಚಿಯ ಕುರಿ ಸಾಕುವ ಮನೆಗೆ ಕೊಟ್ಟಾಗ ನನಗೆ ಇನ್ನೂ ಹಲ್ಲು ಬೀಳುತ್ತಿದ್ದವು. ನಾನು ಹೊಲಿಗೆ ಕಲಿತೆ, ಮದುವೆಯಾಗಿ ಇಂಡಿಗೆ ಬಂದೆ, ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಹಾಕಿಕೊಂಡು ಊರ ಹೆಂಗಸರ ಕುಪ್ಪಸ ಹೊಲಿಯುತ್ತ ಕುಳಿತೆ. ಅಕ್ಕ ಹಿಂಡಿನ ಹಿಂದೆ ನಡೆದಳು. ಮುಂಗಾರು ಮುಗಿಯುತ್ತಲೇ ಅವಳೂ ಗಂಡ ಬೀರಪ್ಪನೂ ಕುರಿ ಹೊಡೆದುಕೊಂಡು ಬಸವನ ಬಾಗೇವಾಡಿಯ ಕಡೆ ಇಳಿಯುವರು, ಅಲ್ಲಿಂದ ಮುದ್ದೇಬಿಹಾಳದ ಸೀಮೆ, ಕೆಲವು ವರ್ಷ ಆಲಮಟ್ಟಿ ಕಾಲುವೆಯ ದಂಡೆಯವರೆಗೂ. ಕೊಯ್ದ ಹೊಲಗಳಲ್ಲಿ ಹಿಂಡು ನಿಲ್ಲಿಸಿ, ಗೊಬ್ಬರವಾದ ಮೇಲೆ ಮುಂದಿನ ಹೊಲಕ್ಕೆ ಹೋಗುವರು. ಅಕ್ಕ ಕೂತು ಉಂಡಿದ್ದನ್ನು ನಾನು ನೋಡಿದ್ದು ಕಡಿಮೆ. ರೊಟ್ಟಿಯಲ್ಲಿ ಪಲ್ಯ ಸುತ್ತಿಕೊಂಡು ಅಡ್ಡಾಡುತ್ತಲೇ ತಿನ್ನುತ್ತಿದ್ದಳು. ನನ್ನ ಮನೆಗೆ ಬಂದರೂ ಹೊಸ್ತಿಲ ಒಳಗೊಂದು ಕಾಲು, ಹೊರಗೊಂದು ಕಾಲು.

ಮುಟ್ಟು ನಿಂತು ವರ್ಷಗಳಾಗಿದ್ದ ಅವಳಿಗೆ ಆ ಮಳೆಗಾಲದಲ್ಲಿ ಮತ್ತೆ ರಕ್ತ ಕಾಣಿಸಿಕೊಂಡಿತು. ಯಾರಿಗೂ ಹೇಳಿರಲಿಲ್ಲ. ಕುಪ್ಪಸದ ಅಳತೆ ಕೊಡಲು ಬಂದವಳ ನಡು ಇಳಿದಿದ್ದು ಕಂಡು ನಾನೇ ಕೆದಕಿ ಕೇಳಿದಾಗ ಬಾಯಿಬಿಟ್ಟಳು. ವಿಜಯಪುರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್ ಅಂದರು. ಆಪರೇಷನ್‌ಗೆ ಬರುವ ಹಂತ ದಾಟಿದೆ, ಆದರೆ ಗುಣವಾಗುವ ಹಂತ ದಾಟಿಲ್ಲ ಎಂದೂ ಅಂದರು. ಐದಾರು ವಾರ ದಿನಾ ಕರೆಂಟು ಕೊಡಬೇಕು, ವಾರಕ್ಕೊಮ್ಮೆ ಸಲಾಯಿನ್‌ನಲ್ಲಿ ಔಷಧಿ. ರೇಡಿಯೇಶನ್‌ಗೆ ನಮ್ಮ ಕಡೆ ಎಲ್ಲರೂ ಕರೆಂಟು ಅಂತಲೇ ಅನ್ನುವುದು.

ಅಲ್ಲಿದ್ದ ಡಾಕ್ಟರು ವಯಸ್ಸಿನಲ್ಲಿ ಸಣ್ಣವರು, ಮೈಸೂರು ಕಡೆಯ ಹೆಣ್ಣುಮಗಳು. ಮೊದಲ ದಿನವೇ ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದರು.

“ನೀರು ಚೆನ್ನಾಗಿ ಕುಡೀರಿ ಅಮ್ಮ. ಯಾವಾಗ್ಲೂ ಮಲಗೇ ಇರಬೇಡಿ, ಓಡಾಡ್ತಾ ಇರಿ. ಈ ಕಾಯಿಲೇಲಿ ರಕ್ತ ಹೆಪ್ಪುಗಟ್ಟೋ ಭಯ ಜಾಸ್ತಿ. ಈ ಔಷಧಿ, ಕರೆಂಟು ಎಲ್ಲಾ ಸೇರಿದಾಗ ಇನ್ನೂ ಜಾಸ್ತಿ. ಒಂದು ಕಾಲು ಊದಿಕೊಂಡ್ರೆ, ಮೀನಖಂಡ ನೋವು ಬಂದ್ರೆ, ಇದ್ದಕ್ಕಿದ್ದಂಗೆ ಉಸಿರು ಕಟ್ಟಿದ್ರೆ, ನಾಳೆ ಹೇಳೋಣ ಅಂತ ಕಾಯ್ಬೇಡಿ.”

ನಾನು ತಲೆಯಾಡಿಸಿದೆ. ಹೊರಗೆ ಬರುತ್ತಲೇ ಅಕ್ಕ ನನ್ನ ತೋಳು ಜಗ್ಗಿದಳು.

“ಅಲ್ಲ ಗಿರಿಜಾ, ಎದ್ದ ನಿಲ್ಲಾಕ ತ್ರಾಸ ಆಗೇತಿ ನನಗ. ಆಕಿ ನೋಡಿದ್ರ ಓಡಾಡು ಅಂತಾಳಲ್ಲ! ಎಲ್ಲಿಗಂತ ಓಡ್ಲಿ?”

“ಓಡೂದಲ್ಲ ಅಕ್ಕಾ. ಅಡ್ಡಾಡು ಅಂದ್ರ ಅದು. ಅವರ ಕಡೆ ಹಂಗ ಅಂತಾರ.”

“ಹಂಗಂದ್ರ ನಾ ಹುಟ್ಟಿದಾಗಿಂದ ಓಡಾಡಕೋಂತನ ಅದೇನಿ ಅಂತ ಹೇಳಬೇಕಿತ್ತು ಆಕಿಗೆ” ಎಂದು ನಕ್ಕಳು. ನನಗೂ ನಗು ಬಂತು. ಕ್ಯಾನ್ಸರ್ ಎಂಬ ಮಾತು ಕೇಳಿದ ಮೇಲೆ ನಾವಿಬ್ಬರೂ ನಕ್ಕಿದ್ದು ಅದೇ ಮೊದಲು. ಬಸ್ಸು ಹತ್ತುವ ಹೊತ್ತಿಗೆ ತಲೆಯಲ್ಲಿ ಆ ನಗು ಉಳಿದಿತ್ತು, ಕ್ಯಾನ್ಸರ್ ಎಂಬ ಮಾತು ಉಳಿದಿತ್ತು. ನಡುವಿನದೆಲ್ಲ ಎಲ್ಲಿಯೋ ಸಂದಿಯಲ್ಲಿ ಬಿತ್ತು.

ಅಕ್ಕ ನಮ್ಮ ಮನೆಯಲ್ಲಿ ಇರುವುದು, ದಿನಾ ಬಸ್ಸಿಗೆ ಹೋಗಿ ಬರುವುದು ಎಂದಾಯಿತು. ಮಾವ ಬೀರಪ್ಪ, ಅಂದರೆ ಅಕ್ಕನ ಗಂಡ, ತನ್ನ ತಮ್ಮನ ಜೊತೆ ಹಿಂಡು ಹೊಡೆದುಕೊಂಡು ಮುದ್ದೇಬಿಹಾಳದ ಕಡೆ ಹೋದ. ಅವರಿಗೆ ಮಕ್ಕಳಿಲ್ಲ. ಹಿಂಡೇ ಎಲ್ಲ. ಹೋಗುವಾಗ ಅವನು ಅಂಗಳದಲ್ಲಿ ಬಹಳ ಹೊತ್ತು ನಿಂತ. ಅಕ್ಕನೇ ಹೇಳಿದಳು: “ನಿಂತ್ರ ಏನ ಬರ್ತೈತಿ? ನಡಿ. ದೀಪಾವಳಿಗೆ ಬಾ.”

ಇಂಡಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ತಾಸಿಗೂ ಮೇಲೆ. ಅಲ್ಲಿ ಕರೆಂಟಿನ ಮಷಿನ್‌ನ ಮುಂದೆ ನಮ್ಮ ಪಾಳಿ ಬರುವವರೆಗೆ ಕಬ್ಬಿಣದ ಕುರ್ಚಿಯಲ್ಲಿ ಕೂಡಬೇಕು, ಮತ್ತೆ ಬಸ್ಸಿನಲ್ಲಿ ಕೂತು ಬರಬೇಕು. ದಾರಿಯಲ್ಲಿ ಹೆಂಗಸರಿಗೆ ಇಳಿದು ಹೋಗುವಂಥ ಜಾಗವಿಲ್ಲ. ಹೀಗಾಗಿ ಅಕ್ಕ ಬೆಳಗ್ಗೆ ಚಹಾ ಬಿಟ್ಟರೆ ನೀರೇ ಮುಟ್ಟುತ್ತಿರಲಿಲ್ಲ. ಅಲ್ಲಿಗೆ ಹೋದ ಮೇಲೆ ಮಷಿನ್‌ಗೆ ಮುಂಚೆ ಹೊಟ್ಟೆ ತುಂಬ ನೀರು ಕುಡಿಸುವರು, ಅಷ್ಟೇ. ಔಷಧಿ ಏರಿಸಿದ ದಿನ ಮನೆಗೆ ಬಂದ ಮೇಲೆ ವಾಂತಿ. ಎರಡು ದಿನ ಅನ್ನದ ಗಂಜಿಯೂ ನಿಲ್ಲುತ್ತಿರಲಿಲ್ಲ. ನೋಡಲು ಬಂದ ಓಣಿಯ ಹೆಂಗಸರೆಲ್ಲ ಒಂದೇ ಮಾತು ಹೇಳುವರು: “ಮಕ್ಕೋ ನೀಲವ್ವ, ಏಳಬ್ಯಾಡ. ಇಷ್ಟ ದಿನಾ ದುಡದೀದಿ.” ನಮ್ಮನೆಯವರು ಹಿತ್ತಲಿಗೆ ಹೋಗುವ ದಾರಿಯಲ್ಲಿ ಅವಳಿಗೆ ಮಂಚ ಹಾಕಿಕೊಟ್ಟರು, ಎದ್ದು ದೂರ ಹೋಗುವುದು ಬೇಡ ಅಂತ. ಎಲ್ಲರೂ ಪ್ರೀತಿಯಿಂದಲೇ ಅವಳನ್ನು ಮಲಗಿಸಿದರು.

ದೀಪಾವಳಿ ಹತ್ತಿರವಾಗಿತ್ತು. ನನ್ನ ಕೋಣೆಯಲ್ಲಿ ಕುಪ್ಪಸದ ಬಟ್ಟೆ ಗುಡ್ಡೆ ಬಿದ್ದಿತ್ತು. ವಿಜಯಪುರದಿಂದ ಬಂದು ಕೈಕಾಲು ತೊಳೆಯುತ್ತಲೇ ಮಷಿನ್‌ಗೆ ಕೂಡುತ್ತಿದ್ದೆ, ಅಕ್ಕ ನರಳಿದ್ದು ಕೇಳಿದರೆ ಏಳುತ್ತಿದ್ದೆ, ಅವಳೇನೂ ಇಲ್ಲ ಅಂದರೆ ಮತ್ತೆ ಕೂಡುತ್ತಿದ್ದೆ. ಕುಪ್ಪಸದ ತೋಳನ್ನು ತಿರುವುಮುರುವು ಹಚ್ಚಿ ಬಿಚ್ಚಿದ್ದು ಎಷ್ಟು ಸಲವೋ. ಒಂದು ಸಂಜೆ ಅಕ್ಕ ಮಂಚದ ಮೇಲಿಂದಲೇ ಕೂಗಿದಳು:

“ನಿನ್ನ ಮಷಿನ್ ಸಪ್ಪಳ ಕೇಳಿದ್ರ ಹೊಟ್ಟಿ ಉರೀತೈತಿ ನೋಡ ನನಗ.”

“ಯಾಕ, ನಿದ್ದಿ ಬರವಲ್ದೇನು?”

“ನಿದ್ದೀದಲ್ಲ. ಅದರ ಕಾಲಾದ್ರೂ ಆಡತಾವು.”

ನಾನು ಪೆಡಲ್ ನಿಲ್ಲಿಸಿದೆ. ಅವಳು ಛತ್ತು ನೋಡುತ್ತ ಮಲಗಿದ್ದಳು. “ಹಿಂಡು ಈಗ ಎಲ್ಲಿ ಇರತೈತಿ ಅಂತ ಮಕ್ಕೊಂಡಲ್ಲೇ ನಡಕೋಂತ ಹೋಗತೇನಿ. ಬಾಗೇವಾಡಿ ದಾಟೂತನಾ ಹೋಗತೇನಿ. ಅಲ್ಲಿಂದ ಮುಂದ ದಾರಿ ಹತ್ತವಲ್ದು” ಎಂದಳು.

ಅದಾಗಿ ಕೆಲವು ದಿನಕ್ಕೆ ಅವಳ ನಡಿಗೆ ಬದಲಾಯಿತು. ಬಸ್ಸು ಹತ್ತುವಾಗ ಎಡಗಾಲು ಮೊದಲು ಇಡಳು. ಕೇಳಿದರೆ ಕೂತು ಕೂತು ಜೋಮು ಹಿಡಿದಿದೆ ಅಂದಳು. ಸೀರೆಯನ್ನು ಪಾದ ಮುಚ್ಚುವಂತೆ ಉಡತೊಡಗಿದಳು. ಕುರಿ ಕಾಯುವ ಹೆಣ್ಣುಮಗಳು, ಹುಟ್ಟಾ ಮೊಣಕಾಲ ಕೆಳಗೆ ಸೀರೆ ಇಳಿಸಿದವಳಲ್ಲ. ನನಗೆ ಅದು ಕಾಣುತ್ತಿತ್ತು. ಆದರೆ ಆಸ್ಪತ್ರೆಗೆ ಹೋಗುವಾಗ ಮರ್ಯಾದೆಗೆ ಉಡುತ್ತಾಳೆ ಅಂದುಕೊಂಡೆ.

ದೀಪಾವಳಿಯ ಹಿಂದಿನ ರವಿವಾರ ಮಾವ ಬಂದ. ರವಿವಾರ ಕರೆಂಟು ಇರುವುದಿಲ್ಲ. ಹೆಗಲ ಕಂಬಳಿ ಇಳಿಸಿ, ನೀರು ಕುಡಿದು, ಅಕ್ಕನ ಮಂಚದ ಬದಿಗೆ ಕುಳಿತ. ನಾನು ಒಲೆಯ ಮುಂದೆ ಇದ್ದೆ. ಸ್ವಲ್ಪ ಹೊತ್ತಿಗೆ ಅವನ ದನಿ ಜೋರಾಯಿತು.

“ಏನಿದು? ಕಾಲ ಏನಾಗೇತಿ? ಗಿರಿಜಾ, ಬಾ ಇಲ್ಲಿ!”

ಸೀರೆ ಸರಿದಿತ್ತು. ಎಡಗಾಲು ತೊಡೆಯಿಂದ ಪಾದದವರೆಗೂ ಬಾತು, ಚರ್ಮ ಬಿಗಿದು ಹೊಳೆಯುತ್ತಿತ್ತು. ಬಣ್ಣ ಕೆಂಪೂ ಅಲ್ಲ, ನೀಲಿಯೂ ಅಲ್ಲ. ಕಾಲುಂಗುರ ಬೆರಳಿನೊಳಗೆ ಹುಗಿದುಹೋಗಿತ್ತು. ಮುಟ್ಟಿದೆ, ಬಿಸಿ. ಬಲಗಾಲು ಮುಟ್ಟಿದೆ, ತಣ್ಣಗೆ. ಕೊರಳಲ್ಲಿ ಅಳತೆಯ ಟೇಪು ಇತ್ತು, ಕೈ ತಾನಾಗಿ ಅದನ್ನು ತೆಗೆದು ಬಲ ಮೀನಖಂಡಕ್ಕೆ ಸುತ್ತಿತು. ಅಲ್ಲಿ ಕೂಡಿದ ಗುರುತು ಎಡಗಾಲಿಗೆ ಕೂಡಲೇ ಇಲ್ಲ.

“ಎಷ್ಟ ದಿನಾತ ಅಕ್ಕಾ?”

“ಮೊನ್ನಿಂದ. ಅದರ ಆಚಿಂದ ತುಸು ಇತ್ತು.” ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. “ಹೇಳಿದ್ರ ಕರೆಂಟ್ ನಿಲ್ಲಸ್ತಾರ. ನಿಲ್ಲಿಸಿದ್ರ ಮತ್ತ ದಿನಾ ಬೆಳೀತಾವು. ನಾ ಜಲ್ದಿ ಮುಗಿಸಿ ಹೋಗಬೇಕು.”

ಮಾವ ಆಗಲೇ ಎದ್ದು ಎಣ್ಣೆಯ ಬಟ್ಟಲು ತಂದಿದ್ದ. “ಕುಂತ ಕುಂತ ರಗತ ನಿಂತೈತಿ. ಬಿಸಿ ಎಣ್ಣಿ ಹಚ್ಚಿ ಮ್ಯಾಗ ಮಾಡಿ ತೀಡಿದ್ರ ಇಳೀತೈತಿ.” ಎರಡೂ ಕೈಯಿಂದ ಮೀನಖಂಡ ಹಿಡಿದು ಒತ್ತಿದ. ಅಕ್ಕ ಚೀರಿದಳು. ಹೆರಿಗೆ ಕಟ್ಟಿದ ಕುರಿಯ ಜೊತೆ ಹಗಲೆಲ್ಲ ಒದ್ದಾಡಿದರೂ ಉಸ್ಸೆನ್ನದ ನನ್ನಕ್ಕ ಓಣಿಗೆ ಕೇಳುವಂತೆ ಚೀರಿದಳು. ಆ ಚೀರಾಟಕ್ಕೇ ನನಗೆ ಡಾಕ್ಟರ ಮಾತೆಲ್ಲ ಒಮ್ಮೆಲೇ ನೆನಪಾಯಿತು, ಮೈಸೂರಿನ ಆ ಮೆತ್ತನೆಯ ದನಿಯ ಸಮೇತ. ಒಂದು ಕಾಲು ಊದಿಕೊಂಡರೆ. ಮೀನಖಂಡ ನೋವು ಬಂದರೆ.

“ಕೈ ತಗಿ ಮಾವ! ತೀಡಬ್ಯಾಡ!”

ವಾರ್ಡಿಗೆ ಫೋನ್ ಹಚ್ಚಿದೆ. ಎತ್ತಿದ ನರ್ಸು ಅರ್ಧ ಮಾತಿಗೇ ನನ್ನನ್ನು ತಡೆದಳು. “ತಿಕ್ಕಬ್ಯಾಡ್ರಿ, ಒತ್ತಬ್ಯಾಡ್ರಿ, ಬಿಸಿ ಶೇಕಾ ಕೊಡಬ್ಯಾಡ್ರಿ. ನಾಳಿಗಂದ್ರ ಆಗೂದಿಲ್ಲ, ಈಗ ಕರಕೊಂಡ ಬರ್ರಿ.”

ಮಾವ ಎಣ್ಣೆಯ ಕೈ ಧೋತರಕ್ಕೆ ಒರೆಸಿಕೊಂಡು ನಿಂತಿದ್ದ. ಅವನ ಮುಖ ಬೇರೆಯಾಗಿತ್ತು.

“ಒಯ್ಯೂದ ಆದ್ರ ನಾ ಯಂಕಂಚಿಗೆ ಒಯ್ತೇನಿ. ನಡಕೋಂತ ಬಂದಿದ್ಲು ಇಲ್ಲಿಗೆ. ಕರೆಂಟ್ ಕೊಟ್ಟ ಕೊಟ್ಟ ಕಾಲ ಸುಟ್ಟಾರ ಅವರು. ಇನ್ನ ನಾಕ ದಿನಾ ಬಿಟ್ರ ಇನ್ನೊಂದ ಕಾಲೂ ಹೋಗತೈತಿ.”

“ಮಾವ, ಇದು ಸುಟ್ಟದ್ದಲ್ಲ. ರಗತ ಹೆಪ್ಪಗಟ್ಟಿರಬೇಕು.”

“ನಿನಗೇನ ಗೊತ್ತು? ನೀ ಡಾಕ್ಟರೇನು?”

“ಅಲ್ಲ. ಅದಕ್ಕ ಡಾಕ್ಟರ ಕಡೆ ಹೋಗೂಣು ಅನ್ನಾಕತ್ತೇನಿ.”

ಅವನು ಹೊರಗೆ ಹೋಗಿ ಊರಿಗೆ ಗಾಡಿ ಕೇಳಲು ಫೋನ್ ತೆಗೆದ. ನಾನು ಬಾಗಿಲಿಗೆ ಅಡ್ಡ ನಿಂತೆ. ಏನು ಮಾಡಲಿ, ಹಿರಿಯ ಮನುಷ್ಯ, ನನ್ನನ್ನು ಎತ್ತಿ ಆಡಿಸಿದವನು. ಒಳಗೆ ಅಕ್ಕ ಮಂಚದಿಂದ ಕಾಲು ಕೆಳಗಿಳಿಸಿ, ಗೋಡೆ ಹಿಡಿದು ಎದ್ದು ನಿಂತದ್ದು ನಾವಿಬ್ಬರೂ ನೋಡಲಿಲ್ಲ. ದನಿ ಕೇಳಿ ತಿರುಗಿದೆವು.

“ನಾ ಬಿಜಾಪುರಕ್ಕ ಹೋಗತೇನಿ. ಅರ್ಧಾ ಕರೆಂಟ್ ತಗೊಂಡ ಬಿಡೂದಿದ್ರ ಇಷ್ಟ ವಾಂತಿ ಯಾಕ ಮಾಡ್ಕೋತಿದ್ದೆ ನಾ? ನೀ ಬರೂದಿದ್ರ ಬಾ. ಇಲ್ಲಂದ್ರ ಕುರಿ ಕಡೆ ಹೋಗು, ಅಲ್ಲಿ ತಮ್ಮ ಒಬ್ಬನ ಅದಾನ.”

ಮಾವ ಅವಳನ್ನು ನೋಡಿದ. ಫೋನ್ ಕಿಸೆಗೆ ಹಾಕಿಕೊಂಡ. ಅಂದು ನಾವು ಬಸ್ಸಿಗೆ ಹೋಗಲಿಲ್ಲ, ಓಣಿಯವರೊಬ್ಬರ ಕಾರಿನಲ್ಲಿ ಹಿಂದಿನ ಸೀಟಿನ ಮೇಲೆ ಅವಳ ಕಾಲು ಚಾಚಿಸಿಕೊಂಡು ಹೋದೆವು. ದಾರಿಯುದ್ದಕ್ಕೂ ಜನ ಹಬ್ಬದ ಸಂತೆ ಮಾಡಿಕೊಂಡು ಎದುರು ಬರುತ್ತಿದ್ದರು.

ಕಾಲಿನ ಸ್ಕ್ಯಾನ್ ಮಾಡಿದರು. ತೊಡೆಯ ದೊಡ್ಡ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ ಎಂದರು. ರಜೆಯಲ್ಲಿದ್ದರೂ ಡಾಕ್ಟರು ಬಂದರು. ನಮ್ಮನ್ನು ಹೊರಗೆ ಕರೆಯದೆ ಅಕ್ಕನ ಮುಂದೆಯೇ ಮಾತಾಡಿದ್ದು ನನಗೆ ಈಗಲೂ ಹಿತವೆನಿಸುತ್ತದೆ. ಒಳಗಿನ ಗಡ್ಡೆ ರಕ್ತನಾಳವನ್ನು ಒತ್ತಿದೆ, ಕಾಯಿಲೆ ತಾನೇ ರಕ್ತವನ್ನು ಗಟ್ಟಿ ಮಾಡುತ್ತದೆ, ಔಷಧಿಯೂ ಮಾಡುತ್ತದೆ, ಮೇಲೆ ವಾಂತಿ, ನೀರು ಕಡಿಮೆ, ಮಲಗಿದ್ದು, ಬಸ್ಸು. “ಇಂಥದ್ದೊಂದೇ ಕಾರಣ ಅಂತ ಯಾವುದಕ್ಕೂ ಬೆರಳು ಮಾಡೋಕಾಗಲ್ಲ” ಅಂದರು. ಇದಕ್ಕೆ ಹೊಟ್ಟೆಯ ಚರ್ಮಕ್ಕೆ ದಿನಾ ಎರಡು ಹೊತ್ತು ಸೂಜಿ ಕೊಡಬೇಕು, ರಕ್ತ ತೆಳುವಾಗಲು.

“ಆದ್ರೆ ಒಂದು ತೊಡಕಿದೆ. ಇವರ ಗಡ್ಡೆಯಿಂದ ರಕ್ತ ಹೋಗ್ತಾ ಇತ್ತಲ್ಲ, ಕರೆಂಟು ಶುರುವಾದ ಮೇಲೆ ಈಗ ಈಗ ನಿಲ್ತಾ ಬಂದಿದೆ. ರಕ್ತ ತೆಳು ಮಾಡಿದ್ರೆ ಅದು ಮತ್ತೆ ಶುರುವಾಗಬಹುದು. ಜಾಸ್ತಿನೂ ಆಗಬಹುದು.”

ಮಾವ ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ. ಮುಂದೆ ಬಂದು ನೇರ ಕೇಳಿದ: “ಎರಡರಾಗ ಯಾವದು ಜಲ್ದಿ ಕೊಲ್ಲತೈತ್ರಿ?”

ಡಾಕ್ಟರು ಅವನ ಕಡೆಗೇ ತಿರುಗಿದರು. “ಹೆಪ್ಪು ಕಾಲಿಂದ ಬಿಟ್ಟು ಎದೆಗೆ ಹೋದ್ರೆ, ಅದೇ ಬೇಗ.”

“ಹಂಗಂದ್ರ ಸೂಜಿ ಮಾಡ್ರಿ” ಎಂದ. ಆಮೇಲೆ ಅಕ್ಕನ ಕಡೆ ತಿರುಗಿ, “ಮಾಡಲಿ?” ಅಂದ. ಅವಳು ಹೂಂ ಅಂದಳು.

ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಕರೆಂಟು ನಿಲ್ಲಿಸಲಿಲ್ಲ. ನಿಲ್ಲಿಸುತ್ತಾರೆಂದು ಹೆದರಿ ಕಾಲು ಮುಚ್ಚಿಕೊಂಡಿದ್ದ ಅಕ್ಕ ಅದನ್ನು ಕೇಳಿ ನನ್ನ ಮುಖ ನೋಡಿದಳು. ದೀಪಾವಳಿ ಅಮಾವಾಸ್ಯೆ ಆಸ್ಪತ್ರೆಯ ವರಾಂಡದಲ್ಲಿ ಕಳೆಯಿತು. ನಮ್ಮನೆಯವರು ಬುತ್ತಿ ತಂದರು, ಜೊತೆಗೆ ಕುಪ್ಪಸ ಕೇಳಲು ಬಂದವರ ಸುದ್ದಿಯನ್ನೂ. ಬಟ್ಟೆ ಎಲ್ಲ ವಾಪಸ್ ಕೊಟ್ಟುಬಿಡಿ ಎಂದೆ.

ಹಬ್ಬದ ಮರುದಿನವೋ ಅದರ ಮರುದಿನವೋ ಮಷಿನ್ ಕೋಣೆಯಿಂದ ಅವಳನ್ನು ಗಾಲಿಕುರ್ಚಿಯಲ್ಲಿ ಕರೆತರುತ್ತಿದ್ದೆವು. ಬಿಸಿಲು ವರಾಂಡದಲ್ಲಿ ಅರ್ಧಕ್ಕೆ ಬಂದಿತ್ತು. ಮಾವ ಕುರ್ಚಿ ದಬ್ಬುತ್ತಿದ್ದ, ನಾನು ಫೈಲು ಹಿಡಿದು ಪಕ್ಕದಲ್ಲಿ. ಅಕ್ಕ ಒಮ್ಮೆಲೇ ನನ್ನ ಮಣಿಕಟ್ಟು ಹಿಡಿದಳು.

“ಗಿರಿಜಾ, ಉಸರ ಬರವಲ್ದು.”

ತಿರುಗಿ ನೋಡಿದರೆ ತುಟಿ ಬಣ್ಣಗೆಟ್ಟಿತ್ತು. ಹಣೆಯ ಮೇಲೆ ಬೆವರು ಮುತ್ತುಗಟ್ಟಿತ್ತು. ಎದೆಯ ಬಲಕ್ಕೆ ಕೈ ಒತ್ತಿ ಹಿಡಿದು, ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದಳು. ನಾನು ಕೂಗಿದೆನೋ ಓಡಿದೆನೋ ತಿಳಿಯದು. ಯಾರೋ ಬಂದರು, ಕುರ್ಚಿ ಮಾವನ ಕೈಯಿಂದ ಹೋಯಿತು, ಬಾಗಿಲು ಮುಚ್ಚಿತು. ಮಾವ ಮುಚ್ಚಿದ ಬಾಗಿಲ ಮುಂದೆ ನಿಂತು, “ನೀಲಿ, ಏ ನೀಲಿ” ಎಂದು ಕರೆಯುತ್ತಿದ್ದ, ಗುಡ್ಡದ ಆಚೆಗೆ ಹೋದವಳನ್ನು ಕರೆಯುವ ಹಾಗೆ. ಅವನು ಅಕ್ಕನನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿದ್ದು ಅದೇ ಮೊದಲು.

ಕಾಲಿನ ಹೆಪ್ಪಿನಿಂದ ಒಂದು ಚೂರು ಕಳಚಿ ಶ್ವಾಸಕೋಶಕ್ಕೆ ಹೋಗಿತ್ತು. ಸೂಜಿ ಆಗಲೇ ಶುರುವಾಗಿದ್ದರಿಂದ ದೊಡ್ಡದು ಹೋಗಲಿಲ್ಲ, ಇಲ್ಲವಾದರೆ ವರಾಂಡದಲ್ಲೇ ಮುಗಿಯುತ್ತಿತ್ತೇನೋ ಎಂದು ಡಾಕ್ಟರು ಆಮೇಲೆ ಹೇಳಿದರು. ಐಸಿಯುನಲ್ಲಿ ಆಕ್ಸಿಜನ್ ಹಚ್ಚಿ ಇಟ್ಟರು. ಉಸಿರು ಸುಧಾರಿಸುತ್ತ ಬಂತು ಅನ್ನುವಷ್ಟರಲ್ಲಿ, ಹೆದರಿದ್ದೇ ಆಯಿತು, ಕೆಳಗೆ ರಕ್ತ ಶುರುವಾಯಿತು. ಸೂಜಿಯ ಪ್ರಮಾಣ ಕಡಿಮೆ ಮಾಡಿದರು, ರಕ್ತ ಏರಿಸಿದರು, ಕರೆಂಟು ಕೆಲವು ದಿನ ನಿಂತಿತು. ಆ ದಿನಗಳು ನನಗೆ ಸರಿಯಾಗಿ ಒಂದರ ಹಿಂದೆ ಒಂದು ನೆನಪಾಗುವುದೇ ಇಲ್ಲ. ಕೆಳಗಿನ ಅಂಗಡಿಯಿಂದ ಔಷಧಿ, ಮೇಲಿನ ಮಹಡಿಗೆ ರಕ್ತದ ಬಾಟಲಿ, ಮತ್ತೆ ಕೆಳಗೆ. ಮೆಟ್ಟಿಲ ಮೇಲೆ ಮಾವ ನನಗೆ ಎದುರಾಗುವನು. ಅವನು ಏನು ತರಲು ಹೋಗುತ್ತಿದ್ದನೋ, ನಾನೇನು ತಂದೆನೋ, ಇಬ್ಬರೂ ನಿಲ್ಲುತ್ತಿರಲಿಲ್ಲ.

ಒಳಗೆ ಬಿಟ್ಟಾಗ ಅಕ್ಕ ಮೂಗಿನ ನಳಿಕೆಯ ಆಚೆಯಿಂದಲೇ ಮಾತಾಡಿದಳು.

“ಅಲ್ಲ, ನನ್ನ ರಗತ ನೀರ ಮಾಡಾಕ ಒಂದ ಸೂಜಿ. ಅದು ಸೋರತೈತಿ ಅಂತ ಮ್ಯಾಲ ಮಂದಿ ರಗತ. ಇವರಿಗೆ ಬೇಕಾಗಿದ್ದಾದ್ರೂ ಏನು?”

“ನೀ ಬದಕಬೇಕಂತ ಅಕ್ಕಾ.”

“ಹೂಂ. ಹಂಗಂದ್ರ ಹಾಕಲಿ” ಎಂದು ಕಣ್ಣು ಮುಚ್ಚಿದಳು.

ರಕ್ತ ಕಡಿಮೆಯಾಗುತ್ತಲೇ ಸ್ಟ್ರೆಚರ್ ಮೇಲೆ ಒಯ್ದು ಮತ್ತೆ ಕರೆಂಟು ಶುರು ಮಾಡಿದರು. ಗಡ್ಡೆ ಕರಗಿದರೇ ರಕ್ತ ನಿಲ್ಲುವುದು, ರಕ್ತ ನಿಂತರೇ ಸೂಜಿ ಪೂರಾ ಕೊಡಲು ಬರುವುದು. ಹಾಗೇ ಆಯಿತು, ಆದರೆ ಎಷ್ಟು ನಿಧಾನಕ್ಕೆ! ದಿನಾ ಬೆಳಗ್ಗೆ ನಾನು ಬಟ್ಟೆ ನೋಡುವೆ, ಪಾದ ನೋಡುವೆ, ತುಟಿ ನೋಡುವೆ. ಅವಳಿಗೆ ರೇಗುತ್ತಿತ್ತು. “ಸಂತ್ಯಾಗ ಕುರಿ ನೋಡಿದಂಗ ನೋಡತೀಯಲ್ಲ” ಅನ್ನುವಳು. ಕೂಡಿಸಿ ನಡೆಸಲು ಶುರು ಮಾಡಿದಾಗ ಕಾಲಿಗೆ ಬಿಗಿಯಾದ ಉದ್ದನೆಯ ಕಾಲುಚೀಲ ಕೊಟ್ಟರು. ಅದನ್ನು ಏರಿಸುವುದರಲ್ಲಿ ನಮ್ಮಿಬ್ಬರಿಗೂ ಸಾಕುಸಾಕಾಗುತ್ತಿತ್ತು.

ಮನೆಗೆ ಬಿಡುವ ಮುಂಚೆ ನರ್ಸು ಸೂಜಿ ಕೊಡುವುದನ್ನು ಕಲಿಸಲು ಯಾರು ಬರುತ್ತೀರಿ ಎಂದು ಕೇಳಿದಳು. ನಾನು ಹೋಗುವುದರೊಳಗೆ ಮಾವ ಎದ್ದ. “ಕುರಿಗೆ ನಾನ ಸೂಜಿ ಮಾಡೂದು. ವರ್ಷಾ ಹಿಂಡಿಗೆ ಹಿಂಡ ಚುಚ್ಚತೇನಿ.” ನರ್ಸು ತೋರಿಸಿದಳು, ಹೊಟ್ಟೆಯ ಚರ್ಮ ಎರಡು ಬೆರಳಲ್ಲಿ ಎತ್ತಿ ಹಿಡಿಯಬೇಕು, ಹೊಕ್ಕುಳಿನಿಂದ ದೂರ, ಕೊಟ್ಟ ಮೇಲೆ ತಿಕ್ಕಬಾರದು. ಅವನು ಸಿರಿಂಜ್ ತೆಗೆದುಕೊಂಡ. ಸಣ್ಣದು, ಅವನ ಬೆರಳ ನಡುವೆ ಕಡ್ಡಿಯ ಹಾಗೆ ಕಾಣುತ್ತಿತ್ತು. ಅಕ್ಕನ ಹೊಟ್ಟೆಯ ಮೇಲೆ ಆಗಲೇ ಚುಚ್ಚಿ ಚುಚ್ಚಿ ನೀಲಿ ಮಚ್ಚೆ ಎದ್ದಿದ್ದವು. ಅವನು ಬಗ್ಗಿದ. ಕೈ ನಡುಗಿತು. ಹಿಂದೆ ತೆಗೆದ. ಮತ್ತೆ ಬಗ್ಗಿದ, ಮತ್ತೆ ನಡುಗಿತು.

“ಕುರಿ ಒದ್ಯಾಡತೈತಿ, ಆಗ ಕೈ ಗಟ್ಟಿ ಇರತೈತಿ. ಇಕಿ ಸುಮ್ನ ನೋಡಕೋಂತ ಮಕ್ಕೊಂಡಾಳ. ಆಗವಲ್ದು ನನಗ” ಎಂದ.

ಅಕ್ಕ ಬೇಕಂತಲೇ ಬಲಗಾಲು ಝಾಡಿಸಿದಳು. “ಏ, ಒದ್ಯಾಡಲೇನು? ಹಿಡಕೋ ಹಂಗಾದ್ರ.”

ನರ್ಸಿಗೆ ನಗು ತಡೆಯಲಾಗಲಿಲ್ಲ. ಮಾವನ ಕಣ್ಣಲ್ಲಿ ನೀರು ಬಂತು, ಆದರೆ ಸೂಜಿ ಸರಿಯಾಗಿ ಹೋಯಿತು. ಅಂದಿನಿಂದ ಎರಡು ಹೊತ್ತೂ ಅವನೇ. ಹಿಂಡನ್ನು ತಮ್ಮನಿಗೆ ಬಿಟ್ಟು ನಮ್ಮ ಮನೆಯಲ್ಲಿ ಉಳಿದ. ಹಿತ್ತಲ ದಾರಿಯ ಮಂಚ ತೆಗೆಸಿದ. ಬೆಳಗ್ಗೆ, ಸಂಜೆ ಅಕ್ಕನನ್ನು ಓಣಿಯ ತುದಿಯವರೆಗೆ ನಡೆಸಿಕೊಂಡು ಹೋಗಿ ಬರುವನು. ಮಲಗಿಸಲು ಬಂದ ಹೆಂಗಸರಿಗೆ, “ಬ್ಯಾಡ್ರಿ, ಆಕಿ ಅಡ್ಡಾಡಬೇಕಾಗೇತಿ” ಎಂದು ಅವನೇ ಉತ್ತರ ಕೊಡುವನು. ವಿಜಯಪುರಕ್ಕೆ ಹೋಗುವಾಗ ನೀರಿನ ಬಾಟಲಿ ಅವನ ಕೈಯಲ್ಲಿ. ನಡುದಾರಿಯಲ್ಲಿ ಇಳಿಯುವುದಾದರೆ ಕಂಡಕ್ಟರ್‌ಗೆ ಅವನೇ ಹೇಳುವನು, ಯಾರ ಮರ್ಯಾದೆಗೂ ಕಾಯದೆ.

ಕೊನೆಗೆ ಒಳಗಿನಿಂದ, ಗರ್ಭಕೋಶದ ಬಾಯಿಗೇ ನಳಿಕೆ ಇಟ್ಟು ಕೆಲವು ಸಲ ಕೊಡುವ ಕರೆಂಟು ಉಳಿದಿತ್ತು. ಅದಕ್ಕೆ ಮುಂಚೆ ಒಂದು ದಿನ ಸೂಜಿ ನಿಲ್ಲಿಸಬೇಕು, ಇಲ್ಲವಾದರೆ ರಕ್ತ ನಿಲ್ಲದು. ನಿಲ್ಲಿಸಿದರೆ ಹೆಪ್ಪು ಬೆಳೆದರೆ? ಆ ಒಂದು ಹಗಲು ಮಾವ ಸೂಜಿ ಕೊಡುವ ಹೊತ್ತಿಗೆ ಎದ್ದು, ಕೊಡುವುದಿಲ್ಲ ಎಂದು ನೆನಪಾಗಿ ಕೂತು, ಮತ್ತೆ ಎದ್ದ. ನಾನು ಟೇಪು ಹಿಡಿದು ಕಾಲು ಅಳೆದೆ, ಮತ್ತೆ ಅಳೆದೆ. “ಕುಪ್ಪಸ ಹೊಲೀತೀಯೇನ ನನ್ನ ಕಾಲಿಗೆ?” ಎಂದಳು ಅಕ್ಕ. ಪ್ರತಿ ಸಲ ಹೀಗೇ ಆಗುತ್ತಿತ್ತು. ಪ್ರತಿ ಸಲವೂ ಅವಳು ಒಳಗೆ ಹೋಗಿ ಹೊರಗೆ ಬಂದಳು, ಸಂಜೆಗೆ ಸೂಜಿ ಮತ್ತೆ ಶುರು.

ಎಲ್ಲ ಮುಗಿಯಿತು ಎಂದ ದಿನ ನಾನು ಯಂಕಂಚಿಗೆ ಹೋಗೋಣ ಎಂದೆ. ಅಕ್ಕ ಕೇಳಲಿಲ್ಲ. ಹಿಂಡು ಆಗ ಹೂವಿನ ಹಿಪ್ಪರಗಿಯ ಹತ್ತಿರದ ಹೊಲದಲ್ಲಿತ್ತು. “ನಾ ಅಲ್ಲಿಗೇ ಹೋಗತೇನಿ” ಎಂದಳು. ಡಾಕ್ಟರಿಗೆ ಕೇಳಿದೆ. ದಾರಿಯಲ್ಲಿ ನಿಲ್ಲಿಸಿ ನಿಲ್ಲಿಸಿ ನಡೆಸಿಕೊಂಡು ಹೋಗಿ, ಸೂಜಿ ತಪ್ಪಿಸಬೇಡಿ, ತೋರಿಸಲು ಬರುವುದು ಬಿಡಬೇಡಿ ಎಂದರು. ಒಂದು ಟಂಟಂ ಆಟೋ ಮಾಡಿಕೊಂಡು ಹೊರಟೆವು. ಎರಡೂ ಬದಿಗೆ ಬಿಳಿಜೋಳ ಎದೆಮಟ್ಟಕ್ಕೆ ಬಂದಿತ್ತು, ಗಾಳಿಗೆ ಸಳಸಳ ಅನ್ನುತ್ತಿತ್ತು. ಅಲ್ಲಲ್ಲಿ ಗಾಡಿ ನಿಲ್ಲಿಸಿ ಅಕ್ಕ ಇಳಿಯುವಳು, ರಸ್ತೆಯ ಬದಿಗೆ ನಡೆಯುವಳು, ಟಂಟಂನವನು ಹಿಂದೆ ಸಾವಕಾಶ ಬರುವನು. ಹಿಪ್ಪರಗಿಯ ಹತ್ತಿರ ಇಳಿದವಳು ಮತ್ತೆ ಹತ್ತಲಿಲ್ಲ. ಎಡಗಾಲು ತುಸು ಎಳೆಯುತ್ತಿತ್ತು. ನಾಯಿಗಳು ಅವಳನ್ನು ದೂರದಿಂದಲೇ ಗುರುತಿಸಿ ಬೊಗಳದೆ ಓಡಿಬಂದವು. ಮಾವನ ತಮ್ಮ ಕೋಲು ನೆಲಕ್ಕೆ ಬಿಟ್ಟು ಹಾಗೇ ನಿಂತುಬಿಟ್ಟ. ಹೊತ್ತು ಇಳಿಯುವ ಮುಂಚೆ ಮಾವ ಕಂಬಳಿಯ ಮರೆ ಮಾಡಿ, ಹಿಂಡಿನ ನಡುವೆಯೇ ಅವಳಿಗೆ ಸೂಜಿ ಕೊಟ್ಟ. ಆಗ ಅವನ ಕೈ ನಡುಗಲಿಲ್ಲ.

ಬೇಸಿಗೆಯಲ್ಲಿ ತೋರಿಸಲು ಹೋದಾಗ ಗಡ್ಡೆ ಕಾಣುವುದಿಲ್ಲ ಎಂದರು. ಮತ್ತೆ ಮತ್ತೆ ನೋಡುತ್ತಿರಬೇಕು, ಯಾರೂ ಮಾತು ಕೊಡುವುದಿಲ್ಲ. ಸೂಜಿ ಹೋಗಿ ಗುಳಿಗೆ ಬಂದವು. ಬಹಳ ನಡೆದ ಸಂಜೆ ಎಡಗಾಲು ಇನ್ನೂ ತುಸು ಬಾತುಕೊಳ್ಳುತ್ತದೆ. ಬೇಡವೆಂದರೂ ಅವಳು ಹಿಂಡಿನ ಜೊತೆ ಅರ್ಧ ದಾರಿಯಾದರೂ ಹೋಗುತ್ತಾಳೆ, ಉಳಿದರ್ಧ ಯಂಕಂಚಿಯಲ್ಲಿ ಇರುತ್ತಾಳೆ. ನನಗೆ ಮಾತ್ರ ಇನ್ನೂ ನೆಮ್ಮದಿ ಇಲ್ಲ. ದಿನಾ ಬೆಳಗ್ಗೆ ಮಷಿನ್‌ಗೆ ಕೂಡುವ ಮುಂಚೆ ಫೋನ್ ಹಚ್ಚುತ್ತೇನೆ. ಅವಳು ಎತ್ತುತ್ತಾಳೆ, ಹಿಂದೆ ಗಾಳಿ, ಕುರಿಗಳ ಸದ್ದು. ನಾನು ಇನ್ನೂ ಬಾಯಿ ತೆರೆದಿರುವುದಿಲ್ಲ.

“ಕಾಲ ಎರಡೂ ಒಂದ ಸಮ ಅದಾವು. ಉಸರ ಐತಿ. ಗುಳಗಿ ನುಂಗೇನ. ಇಡ ಫೋನ, ಕುರಿ ಮುಂದ ಹೋಗ್ಯಾವು.”